ದುಂಡು ತೊಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆ? ಸುತ್ತಳತೆ ಸಾಕು

ಮನೆ ಹಿಂದಿನ ಸಿಮೆಂಟ್ ರಿಂಗ್ ತೊಟ್ಟಿಯ ಲೆಕ್ಕ ಬೇಕಾದಾಗ ಎಲ್ಲರೂ ಟೇಪನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಆದರೆ ನಡುಭಾಗ ಸರಿಯಾಗಿ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕಿಂತ ಹೊರಗಿನಿಂದ ಸುತ್ತಳತೆ ತೆಗೆಯಿರಿ. ಅದನ್ನು 7ರಿಂದ ಗುಣಿಸಿ 44ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ಮೊಬೈಲ್ ಕೈಯಲ್ಲಿದ್ದರೆ ನೇರವಾಗಿ 6.2832ರಿಂದ ಭಾಗಿಸಿ. ಎರಡಕ್ಕೂ ಇಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಬರುವುದಿಲ್ಲ.

ಉದಾಹರಣೆಗೆ ಸುತ್ತಳತೆ 440 ಸೆಂ.ಮೀ. ಬಂತು ಅನ್ನಿ. 440 × 7 ÷ 44 = 70 ಸೆಂ.ಮೀ. ಇದು ಹೊರಗಿನ ತ್ರಿಜ್ಯ. ನೀರು ನಿಲ್ಲುವುದು ಒಳಗೆ ಅಲ್ವಾ? ಹಾಗಾಗಿ ಗೋಡೆಯ ದಪ್ಪ ಕಳೆಯಲೇಬೇಕು. ದಪ್ಪ 5 ಸೆಂ.ಮೀ. ಇದ್ದರೆ ಒಳ ತ್ರಿಜ್ಯ 65. ಅಂದರೆ 0.65 × 0.65 × 3.1416, ಸುಮಾರು 1.327 ಚದರ ಮೀಟರ್. ಒಂದು ಮೀಟರ್ ಎತ್ತರ ನೀರಿದ್ದರೆ ಹತ್ತಿರ ಹತ್ತಿರ 1,327 ಲೀಟರ್. ದಪ್ಪ ಕಳೆಯದೆ ಲೆಕ್ಕ ಹಾಕಿದರೆ 1,539 ಬರುತ್ತದೆ, 200 ಲೀಟರ್‌ಗಿಂತ ಜಾಸ್ತಿ ತಪ್ಪು!

ಈ ವಿಧಾನ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ಸುತ್ತಳತೆಯಲ್ಲಿ 6 ಸೆಂ.ಮೀ. ಹೆಚ್ಚುಕಮ್ಮಿ ಆದರೂ ತ್ರಿಜ್ಯದಲ್ಲಿ ಒಂದು ಸೆಂ.ಮೀ. ಕೂಡ ಏರುಪೇರಾಗುವುದಿಲ್ಲ. ಆದರೂ ಟೇಪ್ ಓರೆಯಾಗದಂತೆ ನೋಡಿಕೊಳ್ಳಿ, ಓರೆಯಾದರೆ ಅಳತೆ ಯಾವಾಗಲೂ ಜಾಸ್ತಿಯೇ ಬರುತ್ತದೆ. ಹಿಂದುಗಡೆ ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ಉದ್ದದ ಟೇಪ್ ಇಲ್ಲದಿದ್ದರೆ ಹಿಗ್ಗದ ಹಗ್ಗ ಸುತ್ತಿ, ಗುರುತು ಹಾಕಿ, ನೆಲದ ಮೇಲೆ ಬಿಡಿಸಿ ಅಳೆಯಿರಿ. ನೈಲಾನ್ ದಾರ ಎಳೆದಷ್ಟೂ ಹಿಗ್ಗುತ್ತದೆ, ಅದು ಬೇಡ.