ಹತ್ತು ದಿನದಲ್ಲಿ ಸ್ಮರಣ ಸಂಚಿಕೆ

"ಮ್ಯಾಟರ್ ಎಲ್ಲ ಟೈಪ್ ಆಗಿದೆ ನೋಡಪ್ಪಾ, ನೀನು ಪೇಜ್ ಕಟ್ಟೋದಷ್ಟೇ. ಹತ್ತು ದಿನ ಸಾಕಲ್ವಾ?"

ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. ನಿವೃತ್ತ ಮೇಷ್ಟ್ರೊಬ್ಬರು ಹೊತ್ತು ತಂದಿದ್ದರು. 96 ಪುಟ, ಪೂರ್ತಿ ಬಣ್ಣ.

ಹಿಂದೊಮ್ಮೆ ಇಂಥದ್ದೇ ಕೆಲಸಕ್ಕೆ "ಆಗುತ್ತೆ ಸಾರ್" ಅಂದುಬಿಟ್ಟಿದ್ದೆ. ಪುಸ್ತಕ ಬಂದಾಗ ಫೋಟೋಗಳೆಲ್ಲ ಮಸುಕು, ಹೆಸರುಗಳಲ್ಲಿ ತಪ್ಪು. ಸಂಘದವರು ತುಂಬಾ ನೊಂದುಕೊಂಡರು. ಅವರನ್ನು ದೂರಲಾರೆ. ಯಾವುದು ಆಗಲ್ಲ ಅಂತ ಮೊದಲೇ ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಈಗ ಬಾಯಲ್ಲಿ ವಾದ ಮಾಡೋದಿಲ್ಲ, ತೋರಿಸುತ್ತೇನೆ. ಮೇಷ್ಟ್ರು ವಾಟ್ಸಾಪಿನಲ್ಲಿ ಕಳಿಸಿದ್ದ ಗ್ರೂಪ್ ಫೋಟೋವನ್ನು ಅವರೆದುರೇ ಎ4 ತುಂಬಾ ಪ್ರಿಂಟ್ ತೆಗೆದೆ. ಹಿಂದಿನ ಸಾಲಿನ ಮುಖಗಳು ಕಲೆಸಿಹೋಗಿದ್ದವು. "ಫೋನಲ್ಲಿ ಚೆನ್ನಾಗಿದೆಯಲ್ಲಪ್ಪಾ" ಅಂದರು. ಲೆಕ್ಕ ಬರೆದು ತೋರಿಸಿದೆ: ಫೋಟೋದ ಅಗಲ 1600 ಪಿಕ್ಸೆಲ್, ಅಚ್ಚಿಗೆ ಇಂಚಿಗೆ 300 ಬೇಕು, ಅಂದರೆ ಐದು ಇಂಚು ಚಿಲ್ಲರೆ. ಅದಕ್ಕಿಂತ ಹಿಗ್ಗಿಸಿದರೆ ಹೀಗೇ.

ಆಮೇಲೆ ಮ್ಯಾಟರ್. ಅರ್ಧ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ, ಅರ್ಧ ಈಗ ಎಲ್ಲ ಕಡೆ ಬಳಸೋ ಯೂನಿಕೋಡಿನಲ್ಲಿ. ಹಳೇ ಫಾಂಟಿನ ಒಂದು ಪುಟವನ್ನು ಯೂನಿಕೋಡಿಗೆ ಕನ್ವರ್ಟ್ ಮಾಡಿ ಪ್ರಿಂಟ್ ಕೊಟ್ಟು, ಕೆಂಪು ಪೆನ್ನನ್ನೂ ಕೈಗಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿದ್ದ ಪದವಿಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಮೂವತ್ತು ವರ್ಷ ಪರೀಕ್ಷೆ ಪೇಪರ್ ತಿದ್ದಿದ ಕೈ ಅಲ್ವಾ, 14 ಕಡೆ ಗುರುತು ಬಿತ್ತು. ಪೆನ್ನು ಕೆಳಗಿಟ್ಟು ತಾವೇ ಕೇಳಿದರು: "ಹಾಗಾದ್ರೆ 96 ಪುಟಕ್ಕೆ ಎಷ್ಟು ದಿನ ಬೇಕು?"

ನನಗೆ ಬೇಕಾಗಿದ್ದುದು ಆ ಪ್ರಶ್ನೆ. ಅಲ್ಲಿಂದ ಮಾತು ಸಲೀಸಾಯಿತು. ಪೂರ್ತಿ ಮ್ಯಾಟರ್ ಕೈಗೆ ಬಂದ ದಿನದಿಂದ 30 ದಿನ, ತಿದ್ದುಪಡಿ ಎರಡು ಸಲ, ಪ್ರತಿ ಪುಟಕ್ಕೂ ಅವರೊಬ್ಬರದೇ ಸಹಿ. ಸಮಿತಿಯ ಏಳು ಜನ ಏಳು ಥರ ಹೇಳಿದರೆ ಕೆಲಸ ಮುಗಿಯೋದೇ ಇಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಂಡೆವು.

ಒಂದನ್ನು ಮಾತ್ರ ನಾನೇ ಸಡಿಲ ಬಿಟ್ಟೆ. ಸ್ವಾಮೀಜಿಯವರ ಆಶೀರ್ವಚನ, ಶಾಸಕರ ಸಂದೇಶ ಕೊನೇ ಘಳಿಗೆಗೇ ಬರೋದು. ಅದಕ್ಕೆ ಅವನ್ನೆಲ್ಲ ಮೊದಲ ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗೋ ಮೊದಲ 16 ಪುಟದ ಕಂತಿನಲ್ಲಿಟ್ಟು, ಆ ಫಾರಂ ಕೊನೆಗೆ ಪ್ರೆಸ್ಸಿಗೆ ಹೋಗುತ್ತೆ ಅಂತ ಹೇಳಿದೆ. ಉಳಿದ ಐದು ಫಾರಂ ಯಾರಿಗೂ ಕಾಯಬೇಕಿಲ್ಲ.

ಮೂರನೇ ದಿನ ಮೇಷ್ಟ್ರು ಆಟೋದಲ್ಲಿ ಬಂದಿಳಿದರು. ಶಾಲೆಯ ಗೋಡೆಯಿಂದ ಇಳಿಸಿದ ಹನ್ನೊಂದು ಗ್ರೂಪ್ ಫೋಟೋ, ಚೌಕಟ್ಟಿನ ಸಮೇತ, ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. ಸ್ಕ್ಯಾನ್ ಮುಗಿಯೋವರೆಗೂ ಪಕ್ಕದಲ್ಲೇ ಕೂತು, ಹಿಂದಿನ ಸಾಲಿನವರ ಹೆಸರು ಒಬ್ಬೊಬ್ಬರದಾಗಿ ಬರೆಸಿದರು.