ಅಳಿವೆಗೆ ಗಾಳ ಹಿಡಿದು ಹೋಗುವ ಮುನ್ನ

ನಾನು ಘಟ್ಟದ ಮೇಲಿನವನು. ಶಿರಸಿ ಕಡೆಯ ಹಳ್ಳಗಳಲ್ಲಿ ಎರೆಹುಳು ಚುಚ್ಚಿ ಕೂತು ಬೆಳೆದವನಿಗೆ ಮೀನು ಎಲ್ಲಿರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಬಂಡೆಯ ಮರೆ, ಮಡುವಿನ ಅಂಚು, ಬೇರು ಇಳಿಬಿದ್ದ ದಡ. ಅದೇ ಕಡೆಯ ಅಘನಾಶಿನಿ ನದಿ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ಬಯಲಿಗೆ ಬಂದ ಮೇಲೆ ನನ್ನ ವಿದ್ಯೆ ಮೂರು ಕಾಸಿಗೂ ಬಾಳಲಿಲ್ಲ. ಅಲ್ಲಿ ನದಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ. ಬೆಳಿಗ್ಗೆ ಗಾಳ ಹಾಕಿದ ಜಾಗದಲ್ಲಿ ಮಧ್ಯಾಹ್ನ ಕಾಗೆ ನಡೆದಾಡುತ್ತಿರುತ್ತದೆ.

ನದಿ ಕಡಲು ಸೇರುವ ಇಂಥ ಹೊಸ ಅಳಿವೆಗೆ ಹೋಗುವವರಿಗೆ ನನ್ನ ಮೊದಲ ಮಾತು: ಮೊದಲ ದಿನ ಗಾಳವನ್ನು ಮನೆಯಲ್ಲಿಯೇ ಬಿಡಿ. ಒಂದು ನೋಟ್‌ಬುಕ್, ಆಳೆತ್ತರದ ಬಿದಿರು ಕೋಲು, ಕುಡಿಯುವ ನೀರು, ಟೋಪಿ ಸಾಕು. ಇಳಿತ ಶುರುವಾಗುವ ಹೊತ್ತಿಗೆ ದಡದಲ್ಲಿ ಕೂತು, ನೀರು ಪೂರ್ತಿ ತಗ್ಗುವವರೆಗೆ ನೋಡಿ. ಆರು ಗಂಟೆಯ ಕೆಲಸ, ಬೇಸರ ಬರುತ್ತದೆ, ಬರಲಿ. ಭರತದ ನೀರು ಮುಚ್ಚಿಟ್ಟಿದ್ದೆಲ್ಲ ಇಳಿತದಲ್ಲಿ ಬಯಲಾಗುತ್ತದೆ. ಮರಳ ದಿಬ್ಬ ಎಲ್ಲಿ, ಆಳದ ಕಾಲುವೆ ಯಾವ ಕಡೆ ತಿರುಗಿದೆ, ದಾರ ಕತ್ತರಿಸುವ ಚಿಪ್ಪು ಹತ್ತಿದ ಕಲ್ಲು ಯಾವುದು, ಬಲೆ ಕಟ್ಟುವ ಗೂಟಗಳು ಯಾವ ಸಾಲಿನಲ್ಲಿವೆ, ಎಲ್ಲವನ್ನೂ ಬರೆದುಕೊಳ್ಳಿ. ಜಾಗ ನೆನಪಿಡಲು ಎರಡು ಗುರುತು ಬೇಕು. ದಡದ ಒಂಟಿ ತೆಂಗಿನ ಮರ ಹಿಂದಿನ ಗುಡ್ಡದ ಬೋಳು ನೆತ್ತಿಯ ನೇರಕ್ಕೆ ಬಂದರೆ ಕಾಲುವೆಯ ತಿರುವಿನ ಎದುರಿಗೆ ಇದ್ದೇನೆ ಎಂದು ನನ್ನ ಪುಸ್ತಕದಲ್ಲಿದೆ. ನೀರು ತುಂಬಿದ ಮೇಲೆ ಈ ಗೆರೆಯೊಂದೇ ದಾರಿ ತೋರಿಸುವುದು.

ದಿನ ಆರಿಸಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹಳ ಏರುತ್ತದೆ, ಅಷ್ಟೇ ಇಳಿಯುತ್ತದೆ. ನಕ್ಷೆ ಬರೆಯಲು ಆಗ ಒಳ್ಳೆಯದು. ಗಾಳ ಹಾಕಲು ಹೊಸಬರಿಗೆ ಅಷ್ಟಮಿ, ನವಮಿಯ ಸಣ್ಣ ನೀರೇ ವಾಸಿ, ಸೆಳೆತ ಕಡಿಮೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆಯ ಗಡಿಯಾರವನ್ನು ನಂಬಿದವನ ಕತೆ ಹೇಳುತ್ತೇನೆ.

ಆತ ನಾನೇ. ಮೊಣಕಾಲುದ್ದದ ನೀರು ದಾಟಿ ಒಂದು ದಿಬ್ಬ ಹತ್ತಿದ್ದೆ. ಹಿಂದಿನ ದಿನ ಬರೆದಿಟ್ಟ ಹೊತ್ತಿಗೇ ನೀರು ತಳ ಮುಟ್ಟಿತೆಂದುಕೊಂಡೆ. ತೋರುವುದಕ್ಕೂ ಎಲ್ಲ ಸ್ತಬ್ಧವಾಗಿತ್ತು. ನಿಜಕ್ಕೂ ನಿಂತದ್ದು ಆಮೇಲೆ. ಲೆಕ್ಕದ ಹೊತ್ತು ದಾಟಿದರೂ ನೀರು ಏರದ್ದನ್ನು ಕಂಡು ಮೈಮರೆತೆ, ತಿರುಗಿದ್ದು ಗೊತ್ತೇ ಆಗಲಿಲ್ಲ. ಸಮುದ್ರದ ಕಡೆಗೇ ಮುಖ ಮಾಡಿ ಕೂತಿದ್ದೆ. ಭರತ ಎದುರಿನಿಂದ ಬರುವುದಿಲ್ಲ, ಹಿಂದಿನ ಕಾಲುವೆಯನ್ನು ಮೊದಲು ತುಂಬುತ್ತದೆ. ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದ ಅಜ್ಜಿಯೊಬ್ಬರು, “ತಮ್ಮಾ, ಬೆನ್ನ ಹಿಂದೆ ನೋಡು” ಎಂದು ಕೂಗಿದರು. ಎದೆಮಟ್ಟ ನೀರಿನಲ್ಲಿ, ಚೀಲವನ್ನು ತಲೆಯ ಮೇಲಿಟ್ಟು ದಾಟಿದೆ. ಅಂದಿನಿಂದ ದಿಬ್ಬ ಹತ್ತಿದ ಕೂಡಲೇ ನೀರಂಚಿನಲ್ಲಿ ಒಂದು ಕಡ್ಡಿ ನೆಡುತ್ತೇನೆ. ಕಡ್ಡಿಯ ಬುಡ ಒದ್ದೆಯಾದರೆ ಮೀನು ಕಚ್ಚುತ್ತಿದ್ದರೂ ಎದ್ದು ಬರುತ್ತೇನೆ.

ಕೆಸರಿನ ಕಡೆ ಬಿದಿರು ಊರದೆ ಹೆಜ್ಜೆಯಿಡಬೇಡಿ. ಕೋಲು ಮೊಣಕಾಲಿಗಿಂತ ಹೆಚ್ಚು ಇಳಿದರೆ ಅದು ನಿಮ್ಮ ದಾರಿಯಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಬಿಗಿಯಾಗಿ ಕಟ್ಟಿದ ಹಳೆಯ ಕ್ಯಾನ್ವಾಸ್ ಶೂ ಹಾಕಿ.

ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ ಜಂತ್ರಡಿಯ (ನೀರು ಬಿಡುವ ತೂಬಿನ) ಬಾಯಲ್ಲಿ ಇಳಿತದ ಹೊತ್ತಿಗೆ ಮೀನು ಸೇರುತ್ತದೆ, ಒಳಗಿನ ಶೆಟ್ಲಿ (ಸಿಗಡಿ) ಹೊರಗೆ ಹರಿದುಬರುತ್ತದಲ್ಲ. ನೋಡಿದರೆ ಕೈ ಕಡಿಯುತ್ತದೆ. ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹಣ ಕೊಟ್ಟು ಪಡೆದವರಿರುತ್ತಾರೆ. ಕೇಳದೆ ಗಾಳ ಹಾಕಿದರೆ ಅದು ಸಾಹಸವಲ್ಲ, ಕಳ್ಳತನ. ಗೂಟದ ಬಲೆಗಳಿಂದಲೂ ದೂರವಿರಿ.

ಎರಡನೆಯ ದಿನ ಗಾಳ ತನ್ನಿ. ಹಳ್ಳದ ಬೆಂಡು ಈ ಸೆಳೆತದಲ್ಲಿ ನಿಲ್ಲದು. ತಳಕ್ಕೆ ಕೂರುವ ಸೀಸದ ಗುಂಡು ಬೇಕು. ಮರಳು ತಳದಲ್ಲಿ ನೊಗಲಿ ಮೀನು ಸಿಗುತ್ತದೆ. ಅದರ ಬಾಯಿ ಸಣ್ಣದು, ಆದ್ದರಿಂದ ಸಣ್ಣ ಗಾಳ, ಉಗುರಿನಷ್ಟು ಶೆಟ್ಲಿ ತುಂಡು. ಮೀಸೆಯಿರುವ ಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡಿ, ಬೆನ್ನಿನ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲ ನರಳಬೇಕು.

ನನಗೆ ಅಂದು ಸಿಕ್ಕಿದ್ದು ಗೇಣುದ್ದದ ಎರಡು ನೊಗಲಿ. ಅಜ್ಜಿ ಚೀಲ ಬಿಡಿಸಿ ನೋಡಿ, ಏನೂ ಹೇಳದೆ ಮೇಲೊಂದು ಬೊಗಸೆ ಬಳಚು ಸುರಿದರು.