ಷರಾ ಕಾಲಂ ಇಲ್ಲದ ಶುಗರ್ ಲೆಕ್ಕ ಯಾಕೆ ಬೇಡ

ನಮ್ಮ ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಹಾಕಿದ ತಾರೀಖು, ಕೆಲಸದವರಿಗೆ ಕೊಟ್ಟ ಅಡ್ವಾನ್ಸ್, ಎಲ್ಲವೂ ಅದರ ಮೇಲೆಯೇ. ಹಾಗಾಗಿ ಡಾಕ್ಟರು ನನ್ನ ಶುಗರ್ ಬಾರ್ಡರ್‌ನಲ್ಲಿದೆ ಅಂದಾಗ, ಮನೆಯಲ್ಲಿ ನೋಡಿಕೊಂಡ ರೀಡಿಂಗ್‌ಗಳನ್ನೂ ಅಲ್ಲೇ ಬರೆಯತೊಡಗಿದೆ. ತಿಂಗಳು ಮುಗಿದು ಹಾಳೆ ತಿರುಗಿಸಿದರೆ ಹಿಂದಿನದು ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಲೆಕ್ಕ ಮೊಬೈಲಿನ ಗೂಗಲ್ ಶೀಟ್‌ಗೆ ಹೋಯಿತು.

ಆ್ಯಪ್ ಯಾಕಲ್ಲ ಅಂತ ಕೇಳುತ್ತಾರೆ. ಒಂದನ್ನು ಹಾಕಿ ನೋಡಿದೆ. ಶುಗರ್ ಬರೆದುಕೊಳ್ಳುವ ಆ್ಯಪ್‌ಗೆ ನನ್ನ ಕಾಂಟ್ಯಾಕ್ಟ್ ಲಿಸ್ಟ್ ಯಾಕೆ ಬೇಕು? ಇನ್ನೊಂದು ಅಂಕಿಯನ್ನೆಲ್ಲ ಚಂದದ ಬಣ್ಣದಲ್ಲಿ ತೋರಿಸುತ್ತಿತ್ತು, ಆದರೆ ಅಂಕಿಗಳನ್ನು ಹೊರಗೆ ತೆಗೆದುಕೊಳ್ಳುವ ದಾರಿ ಕೊಟ್ಟಿರಲಿಲ್ಲ. ನಮ್ಮ ಅಂಕಿ ನಾವು ಬೇಕೆಂದಾಗ ನಮ್ಮ ಕೈಗೆ ಸಿಗಬೇಕು. ಅದಾಗದ ಆ್ಯಪ್ ಎಷ್ಟು ಚಂದವಿದ್ದರೂ ನನಗೆ ಬೇಡ.

ನನ್ನ ಶೀಟಿನಲ್ಲಿ ಇರುವುದು ತಾರೀಖು, ಹೊತ್ತು, ಊಟಕ್ಕೆ ಮುಂಚೆ, ಊಟವಾದ ಮೇಲೆ, ವ್ಯತ್ಯಾಸ, ಕೊನೆಗೆ ಷರಾ. ಅಷ್ಟೇ. ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಅಂತಿದ್ದರೆ 3/4 ಅಂತ ಬರೆದದ್ದನ್ನು ಅದು ಮಾರ್ಚ್ 4 ಅಂತ ಓದುತ್ತದೆ. ಮೊದಲೇ ಇಂಡಿಯಾ ಅಂತ ಬದಲಿಸಿಕೊಳ್ಳಿ.

ಇನ್ನು ಷರಾ. ಆಫೀಸಿನ ರಿಜಿಸ್ಟರ್‌ಗಳಲ್ಲಿ ಕೊನೆಯ ಈ ಕಾಲಂ ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ನನ್ನ ಶೀಟಿನಲ್ಲಿ ಮಾತ್ರ ಅದೇ ಯಜಮಾನ. 'ರಾತ್ರಿ ನಿದ್ದೆ ಇಲ್ಲ.' 'ನೆಗಡಿ, ಮೈ ಬಿಸಿ.' 'ಗೃಹಪ್ರವೇಶ, ಹೋಳಿಗೆ ಎರಡು.' ಬರೀ 168 ಅಂತ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಪಕ್ಕದಲ್ಲಿ ಹೋಳಿಗೆ ಕಂಡರೆ ಸಮಾಧಾನ. ನಿದ್ದೆಗೆಟ್ಟರೂ, ಸೋಂಕು ತಗುಲಿದರೂ ಶುಗರ್ ಏರುತ್ತದೆ ಅಂತ ಡಾಕ್ಟರು ಹೇಳಿದ್ದರು. ನನಗೆ ಅದು ನಿಜವಾಗಿ ಅರ್ಥವಾದದ್ದು ಷರಾ ಓದಿದ ಮೇಲೆ.

ಶುಗರ್ ನೋಡುವ ಮೀಟರ್ ವಿಷಯಕ್ಕೆ ಬರೋಣ. ಮನೆಯ ಮೀಟರ್ ಲ್ಯಾಬ್ ಅಲ್ಲ. 2013ರ ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ರ ಮೇಲಿನ ರೀಡಿಂಗ್‌ಗಳಲ್ಲಿ ನೂರಕ್ಕೆ 95 ರೀಡಿಂಗ್ ಲ್ಯಾಬಿನ ಅಂಕಿಗಿಂತ ಶೇ. 15ರಷ್ಟು ಆಚೀಚೆ ಇದ್ದರೂ ಮೀಟರ್ ಪಾಸು. ಅಂದರೆ ಲ್ಯಾಬಿನಲ್ಲಿ 140 ಇದ್ದದ್ದು ಮನೆಯಲ್ಲಿ 120 ತೋರಿಸಬಹುದು, 160 ತೋರಿಸಬಹುದು. ನಿನ್ನೆಗಿಂತ ಎಂಟು ಕಡಿಮೆಯಾಯಿತು ಅಂತ ಹಿಗ್ಗುವುದರಲ್ಲಿ ಅರ್ಥವಿಲ್ಲ. ಕೈಯನ್ನೂ ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಕೊಳ್ಳಬೇಕು. ಬಾಳೆಹಣ್ಣು ಸುಲಿದ ಬೆರಳಿಗೆ ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೇ ಸ್ಟ್ರಿಪ್ ಮೇಲೆ ಕೂತು ಅಂಕಿ ಸುಮ್ನೆ ಮೇಲೇರುತ್ತದೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಊಟವಾದ ಮೇಲಿನ ರೀಡಿಂಗ್ ಎರಡು ಗಂಟೆ ಬಿಟ್ಟು ನೋಡುವುದು; ಆ ಎರಡು ಗಂಟೆಯ ಲೆಕ್ಕ ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ಊಟಕ್ಕೆ ಕೂರುವಾಗಲೇ ಅಲಾರಂ ಇಟ್ಟುಬಿಡುತ್ತೇನೆ.

2007ರಲ್ಲಿ ಅಮೆರಿಕದ ಪತ್ರಕರ್ತರಾದ ಗ್ಯಾರಿ ವುಲ್ಫ್ ಮತ್ತು ಕೆವಿನ್ ಕೆಲ್ಲಿ ತನ್ನನ್ನು ತಾನೇ ಅಳೆದು ಬರೆದಿಡುವ ಇಂಥ ಹವ್ಯಾಸಕ್ಕೆ 'ಕ್ವಾಂಟಿಫೈಡ್ ಸೆಲ್ಫ್' ಅಂತ ಹೆಸರಿಟ್ಟರು. ಅವರ ಕೂಟಗಳಲ್ಲಿ ಮಾತಾಡಲು ನಿಂತವರು ಮೂರು ಪ್ರಶ್ನೆಗೆ ಉತ್ತರ ಹೇಳಬೇಕು: ಏನು ಮಾಡಿದೆ, ಹೇಗೆ ಮಾಡಿದೆ, ಏನು ತಿಳಿಯಿತು. ಮೂರನೆಯದಕ್ಕೆ ಉತ್ತರ ಬೇಕಿದ್ದರೆ ಏನಾದರೂ ಕೇಳಿಕೊಂಡೇ ಅಳೆಯಲು ಹೊರಡಬೇಕು. ಹೆಜ್ಜೆ, ನಿದ್ದೆ, ನೀರು, ಮೂಡು ಎಲ್ಲವನ್ನೂ ಬರೆಯುವವರನ್ನು ನೋಡಿದ್ದೇನೆ. ಅಂಕಿ ರಾಶಿ ಬೀಳುತ್ತದೆ, ಓದುವವರಿಲ್ಲ. ಸ್ಟ್ರಿಪ್ ಒಂದಕ್ಕೆ 15–20 ರೂಪಾಯಿ ಆಗುವಾಗ ನನಗೆ ಆ ಐಷಾರಾಮ ಇರಲಿಲ್ಲ.

ನನ್ನ ಪ್ರಶ್ನೆ ಒಂದೇ ಇತ್ತು. ರಾತ್ರಿ ಅನ್ನ ಬಿಟ್ಟು ಮುದ್ದೆ ಉಂಡರೆ ನನಗೆ ಲಾಭವಿದೆಯೇ? ನೆಂಟರಿಷ್ಟರೆಲ್ಲ ಇದೆ ಅಂತಲೇ ಹೇಳುತ್ತಿದ್ದರು. ಅದೇ ಸಾರು, ಹೆಚ್ಚುಕಡಿಮೆ ಅದೇ ಹೊತ್ತು. ಕೆಲವು ರಾತ್ರಿ ಅನ್ನ, ಕೆಲವು ರಾತ್ರಿ ಮುದ್ದೆ. ಒಂದು ರಾತ್ರಿಯ ಅಂಕಿ ನಂಬದೆ ಮತ್ತೆ ಮತ್ತೆ ನೋಡಿದೆ. ವ್ಯತ್ಯಾಸದ ಕಾಲಂನಲ್ಲಿ ಎರಡೂ ಹತ್ತಿರ ಹತ್ತಿರವೇ ಬಂದವು. ದೊಡ್ಡ ಮುದ್ದೆ ನುಂಗಿದ ದಿನ ಅನ್ನದ ದಿನಕ್ಕಿಂತ ಜಾಸ್ತಿಯೇ ಇತ್ತು. ಮುದ್ದೆಯೋ ಅನ್ನವೋ ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯವಾಗಿತ್ತು. ಊಟವಾದ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ಅಡ್ಡಾಡಿದ ರಾತ್ರಿಗಳ ಅಂಕಿ ಮಾತ್ರ ಮೀಟರಿನ ಆಚೀಚೆಯನ್ನು ಮೀರಿ ಕಣ್ಣಿಗೆ ಹೊಡೆಯುವಷ್ಟು ಕಡಿಮೆ ಇತ್ತು. ಇದು ನನ್ನ ಮೈಯ ಲೆಕ್ಕ. ನಿಮ್ಮದು ಬೇರೆ ಬರಬಹುದು. ಮಾತ್ರೆಯ ವಿಷಯವಂತೂ ಡಾಕ್ಟರಿಗೇ ಬಿಡಿ.

ಡಾಕ್ಟರಿಗೆ ಮೊಬೈಲ್ ತೋರಿಸಿ ಸ್ಕ್ರೋಲ್ ಮಾಡುತ್ತಾ ಕೂರಬೇಡಿ, ನೋಡಲು ಅವರಿಗೆ ಪುರುಸೊತ್ತಿರುವುದಿಲ್ಲ. ನಾನು ಒಂದೇ ಹಾಳೆಗೆ ಪ್ರಿಂಟ್ ತೆಗೆದುಕೊಂಡು ಹೋದೆ. ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಲ್ಯಾಬ್ ಟೆಸ್ಟ್) 6.3 ಬಂದಿತ್ತು. 5.7ರಿಂದ 6.4ರವರೆಗೆ ಬಾರ್ಡರ್ ಅನ್ನುತ್ತಾರೆ, ಅಂದರೆ ನಾನು ಅದರ ಮೇಲಂಚಿನಲ್ಲಿದ್ದೆ. ಮನೆಯ ರೀಡಿಂಗ್‌ಗಳು ಅಷ್ಟು ಕೆಟ್ಟದಾಗಿರಲಿಲ್ಲ. ಡಾಕ್ಟರು ಹಾಳೆಯನ್ನು ಎರಡು ಸಲ ನೋಡಿ ರಕ್ತದ ಕಬ್ಬಿಣದ ಅಂಶದ ಟೆಸ್ಟ್ ಬರೆದರು. ಅದು ಕಡಿಮೆ ಇತ್ತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿದ ಸಕ್ಕರೆಯನ್ನೇ ಈ ಟೆಸ್ಟ್ ಅಳೆಯುವುದು. ಕಬ್ಬಿಣದ ಕೊರತೆಯಿದ್ದರೆ ಅಂಕಿ ಇರುವುದಕ್ಕಿಂತ ಮೇಲೆ ತೋರಿಸಬಹುದಂತೆ. ಕಬ್ಬಿಣದ ಮಾತ್ರೆ ಕೊಟ್ಟು, ಆಮೇಲೆ ಇನ್ನೊಮ್ಮೆ ನೋಡೋಣ ಅಂದರು.

ಈಗ ದಿನಾ ಚುಚ್ಚಿಕೊಳ್ಳುವುದಿಲ್ಲ. ಲ್ಯಾಬ್ ಟೆಸ್ಟ್‌ಗೆ ಮುಂಚಿನ ವಾರ ಮಾತ್ರ, ಊಟಕ್ಕೆ ಮುಂಚೆ ಮತ್ತು ನಂತರ. ಬೆಳಗಿನ ಇಡ್ಲಿ–ಉಪ್ಪಿಟ್ಟಿನ ಪ್ರಶ್ನೆ ಬಾಕಿ ಇದೆ.

ನಮ್ಮನೆಯವರಿಗೂ ಬಿಪಿಗೆ ಒಂದು ಶೀಟ್ ಮಾಡಿಕೊಟ್ಟಿದ್ದೇನೆ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ಐದು ನಿಮಿಷ ಮಾತಾಡದೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಅವರ ಷರಾ ಕಾಲಂನಲ್ಲಿ ಸದ್ಯಕ್ಕೆ ಹೆಚ್ಚಾಗಿ ಕಾಣುವುದು 'ಫೋನಿನಲ್ಲಿದ್ದರು' ಅಂತ.